ಅಕ್ಕನ ಬಲಗೈ

ಭಾವ ತೀರಿಕೊಂಡ ಮೇಲೆ ಅಕ್ಕ ಮುರಗೋಡದ ತನ್ನ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡತೊಡಗಿದಳು. ಅಂಚು ಎಲ್ಲಿ ದಪ್ಪವಾಯಿತೆಂದು ಅವಳು ನೋಡಿ ತಿಳಿಯುತ್ತಿರಲಿಲ್ಲ, ಬೆರಳಿಗೇ ತಿಳಿಯುತ್ತಿತ್ತು. ಬೈಲಹೊಂಗಲದಿಂದ ನಾನು ಹೋದಾಗಲೆಲ್ಲ ಒಲೆಯ ಮುಂದೆಯೇ ನಮ್ಮ ಮಾತು. ಅವಳ ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಒಮ್ಮೆ ಕಪಾಟು ಒರೆಸುವಾಗ ಗಾಜು ಒಡೆದು ಅವಳ ಬಲ ಮಣಿಕಟ್ಟಿನೊಳಗೆ ಹೊಕ್ಕಿತು. ಹತ್ತಿರದ ದವಾಖಾನೆಯಲ್ಲಿ ಹೊಲಿಗೆ ಹಾಕಿದರು, ಗಾಯ ಚೆನ್ನಾಗಿಯೇ ಮಾಯಿತು. ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಜೋಮು ಹಿಡಿದಂತಿದೆ ಎಂದು ಅವಳು ಹೇಳಿದ್ದಕ್ಕೆ, ಬಾವು ಇಳಿದರೆ ಸರಿಹೋಗುತ್ತದೆ ಎಂದರಂತೆ. ಅವಳು ನಂಬಿದಳು. ನಾವೂ ನಂಬಿದೆವು.

ಕೆಲವು ತಿಂಗಳ ಮೇಲೆ ದಸರೆಯ ರಜೆಗೆ ಹೋಗಿದ್ದೆ. ಅಕ್ಕ ರೊಟ್ಟಿ ಬೇಯಿಸುತ್ತಾ ಮಗಳ ಬಸಿರಿನ ಸುದ್ದಿ ಹೇಳುತ್ತಿದ್ದಳು. ಸುಟ್ಟ ವಾಸನೆ ಬಂತು. ನೋಡಿದರೆ ಅವಳ ತೋರುಬೆರಳು ಕಾದ ಹಂಚಿಗೆ ಒತ್ತಿಕೊಂಡೇ ಇತ್ತು. ಕೈ ಹಿಡಿದು ಎಳೆದೆ.

“ಬೆರಳ ಸುಡಾಕತ್ತೈತಲ್ಲಕ್ಕಾ, ಗೊತ್ತಾಗವಲ್ದೇನ?”

ಅವಳು ಬೊಬ್ಬೆಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. “ರೊಟ್ಟಿ ಸೀದಿರಬೇಕ ಅನ್ಕೊಂಡಿದ್ನಿ” ಅಂದಳು.

ಆಗಲೇ ನಾನು ಆ ಕೈಯನ್ನು ಸರಿಯಾಗಿ ನೋಡಿದ್ದು. ಮೂರೂ ಬೆರಳುಗಳ ತುದಿಯಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಅಂಗೈ ಚಪ್ಪಟೆಯಾಗಿತ್ತು.

ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳ ಕಣ್ಣು ಮುಚ್ಚಿಸಿ ಬೆರಳುಗಳನ್ನು ಹತ್ತಿಯಿಂದ ಸವರಿದರು, ಸೂಜಿಯಿಂದ ಚುಚ್ಚಿದರು. ಅಕ್ಕ ಸುಮ್ಮನೆ ಕೂತಿದ್ದಳು. ಕಿರುಬೆರಳಿಗೆ ತಾಗಿಸಿದಾಗ ಮಾತ್ರ “ಹಾಂ” ಎಂದಳು. ಮಣಿಕಟ್ಟಿನ ನಡುವೆ ಹಾಯುವ ನರವೇ ತುಂಡಾಗಿದೆ, ಮೇಲೆ ಚರ್ಮ ಕೂಡಿಕೊಂಡಿದೆ, ಒಳಗೆ ನರ ಕೂಡಿಲ್ಲ ಎಂದು ಅವರು ತಿಳಿಸಿದರು. ಕಿರುಬೆರಳಿಗೆ ಹೋಗುವ ನರ ಬೇರೆ, ಅದಕ್ಕೇ ಅದು ಉಳಿದಿತ್ತು. ಕೂಡಲೇ ಬಂದಿದ್ದರೆ ತುದಿಗೆ ತುದಿ ಹೊಲಿಯಬಹುದಿತ್ತು. ಈಗ ತುದಿಗಳು ದೂರ ಸರಿದಿದ್ದರಿಂದ ಕಾಲಿನ ನರವೊಂದನ್ನು ತೆಗೆದು ನಡುವೆ ಜೋಡಿಸಬೇಕಿತ್ತು.

“ಮೊದಲಿನಂಗ ಆಗತೈತೇನ್ರಿ?” ಎಂದು ಅಕ್ಕ ಕೇಳಿದಳು. ನರ ತಿಂಗಳಿಗೆ ಒಂದಿಂಚಿನಷ್ಟು ಬೆಳೆಯುತ್ತದೆ, ಎಲ್ಲಿಯವರೆಗೆ ಬರುತ್ತದೋ ಹೇಳಲಾರೆ ಎಂದರು ಡಾಕ್ಟರು.

ಆಪರೇಷನ್ ಆಯಿತು. ಬೇಸಿಗೆಯ ಹೊತ್ತಿಗೆ ಅಂಗೈಯಲ್ಲಿ ಇರುವೆ ಹರಿದಂತಾಗುತ್ತಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ಅತ್ತುಬಿಟ್ಟೆ. ಆದರೆ ಸ್ಪರ್ಶ ಸರಿಯಾಗಿ ಮರಳಲಿಲ್ಲ. ತೋರುಬೆರಳು ಮುಟ್ಟಿದರೆ ನಡುಬೆರಳಿನಲ್ಲಿ ಮುಟ್ಟಿದಂತಾಗುತ್ತಿತ್ತು. ತಂಪು ತಾಗಿದರೆ ಕೈಯೆಲ್ಲ ಸೆಳೆಯುತ್ತಿತ್ತು. ಹಿಟ್ಟು ನಾದಿ ಎರಡು ಮೂರು ಸಲ ಬಡಿದು ನೋಡಿದಳು. ರೊಟ್ಟಿ ಹರಿದುಹೋಯಿತು. ಖಾನಾವಳಿಯವರು ಅಷ್ಟರಲ್ಲಿ ಸವದತ್ತಿಯಿಂದ ಮಷೀನಿನ ರೊಟ್ಟಿ ತರಿಸುತ್ತಿದ್ದರು. ನರ ತೆಗೆದ ಕಾಲಿನ ಹೊರ ಅಂಚೂ ಮರಗಟ್ಟಿತ್ತು, ಚಪ್ಪಲಿ ಜಾರಿದರೂ ಅವಳಿಗೆ ತಿಳಿಯುತ್ತಿರಲಿಲ್ಲ.

“ಕಾಲಾಗಿಂದ ತಗದ ಕೈಗೆ ಹಾಕಿದ್ರ. ಈಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ” ಎಂದಳು ಒಮ್ಮೆ.

ಮಗಳ ಬಾಣಂತನ ಅಕ್ಕನ ಮನೆಯಲ್ಲೇ ಆಯಿತು. ಕೂಸಿಗೆ ಎರೆಯುವ ಮೊದಲು ಅಕ್ಕ ನೀರಿಗೆ ಬಲಗೈ ಹಾಕಿ ಹದ ನೋಡಿದಳು. ಮಗಳು ಬಚ್ಚಲ ಬಾಗಿಲಿಗೆ ಬಂದು ತಾನೂ ಕೈ ಅದ್ದಿ ನೋಡಿ, ನೀರಿಗೆ ಇನ್ನೊಂದು ತಂಬಿಗೆ ತಣ್ಣೀರು ಸುರಿದಳು. ಅಕ್ಕ ಸರಿದು ಜಾಗ ಬಿಟ್ಟಳು.