ಲೋಕನಾಥ ತಾನೇ ಬರೆದುಕೊಂಡ ಪತ್ರ

ನಮ್ಮ ಕಡೆ ಶಿಫಾರಸು ಪತ್ರ ಕೇಳಲು ಹೋದವನಿಗೆ ಸಿಗುವ ಉತ್ತರ ಒಂದೇ: "ನೀನೇ ಬರೆದು ತಾ ಮಾರಾಯ, ನಾನು ಸೈನ್ ಹಾಕ್ತೇನೆ." ಕೊಡುವವರಿಗೆ ಪುರುಸೊತ್ತಿಲ್ಲ, ಕೇಳುವವನಿಗೆ ಎದುರು ಮಾತಾಡುವ ಧೈರ್ಯವಿಲ್ಲ. ಹಾಗಾಗಿ ನಮ್ಮೂರಿನ ಅರ್ಧ ಜನ ತಮ್ಮ ಗುಣಗಾನ ತಾವೇ ಬರೆದುಕೊಂಡು ಕೆಲಸಕ್ಕೆ ಸೇರಿದವರು.

ಬಸ್ಸಿನ ಧನಿ ಚಂದ್ರರಾಜರು ಲೋಕನಾಥನಿಗೆ ಫೋನಿನಲ್ಲಿ ಹೇಳಿದ್ದೂ ಇದನ್ನೇ. ಹದಿನಾಲ್ಕು ವರ್ಷ ಅವನು ಅವರ ಬಂಟ್ವಾಳ–ಮೂಡುಬಿದಿರೆ ಬಸ್ಸು ಓಡಿಸಿದ್ದ. ಎರಡು ತಿಂಗಳ ಹಿಂದೆ ಅವರು ಬಸ್ಸನ್ನು ಪರ್ಮಿಟ್ ಸಹಿತ ಮಾರಿಬಿಟ್ಟರು. ಐವತ್ತು ದಾಟಿದ ಡ್ರೈವರನನ್ನು ಬೇರೆ ಬಸ್ಸಿನವರು ಕರೆಯಲಿಲ್ಲ. ಕೊನೆಗೆ ಮೂಡುಬಿದಿರೆಯ ಒಂದು ಶಾಲೆಯವರು ಕರೆದರು. ಹಿಂದಿನ ಧನಿಯಿಂದ 'ಅಪಘಾತ ಮಾಡಿದವನಲ್ಲ' ಎಂಬ ಪತ್ರ ತಂದರೆ ಸೋಮವಾರದಿಂದಲೇ ಶಾಲೆಯ ಬಸ್ಸು ಅವನ ಕೈಗೆ.

ಬಂಟ್ವಾಳದಲ್ಲಿ ಟೈಪ್ ಮಾಡಿಸಿದರೆ ಗುರುತಿನವರು ನಗುತ್ತಾರೆಂದು ಅವನು ಹೊಳೆ ದಾಟಿ ಪಾಣೆಮಂಗಳೂರಿಗೆ ಹೋದ. ಅಲ್ಲಿ ಶಹರ್ಬಾನು ಎಂಬಾಕೆಯ ಜೆರಾಕ್ಸ್ ಅಂಗಡಿ. ಮೂಲೆಯ ಕುರ್ಚಿಯಲ್ಲಿ ಆಕೆಯ ತಾಯಿ ಬೀಯಮ್ಮ, ಪಕ್ಕದಲ್ಲಿ ಹಿಡಿದು ನಡೆಯುವ ವಾಕರ್.

"ಹೇಳಿ ಅಣ್ಣ, ಏನು ಬರೆಯುವ?" ಎಂದಳು ಶಹರ್ಬಾನು.

"ಶ್ರೀ ಲೋಕನಾಥರು ನಮ್ಮಲ್ಲಿ ಹದಿನಾಲ್ಕು ವರ್ಷ ಚಾಲಕರಾಗಿದ್ದರು..." ತನ್ನ ಹೆಸರಿಗೆ ತಾನೇ ಗೌರವ ಸೇರಿಸಿ ಹೇಳುವಾಗ ಅವನ ಕಿವಿ ಬಿಸಿಯಾಯಿತು. ಆದರೂ ಒಮ್ಮೆ ನಾಲಿಗೆ ಸಡಿಲವಾದ ಮೇಲೆ ಮಾತು ತಾನಾಗಿ ಬಂತು. ಸೌಮ್ಯ ಸ್ವಭಾವದವರು, ಸಮಯಪಾಲಕರು, ಪ್ರಾಮಾಣಿಕರು, ಎಂದೂ ಅಪಘಾತ ಮಾಡಿದವರಲ್ಲ, ಶಾಲೆಯ ಮಕ್ಕಳ ಬಸ್ಸಿಗೆ ತಕ್ಕವರು.

"ಈ ಲೋಕನಾಥ ನಿಮಗೆ ಏನಾಗಬೇಕು?"

"ಪರಿಚಯದವರು" ಎಂದ ಲೋಕನಾಥ. ಬೇಕಿತ್ತೇ ಅವನಿಗೆ ಇದು!

"ಯಾವ ಬಸ್ಸು ಅಂತ ಹಾಕುವುದು?"

"ಬಂಟ್ವಾಳದಿಂದ ಏಳೂ ನಲವತ್ತಕ್ಕೆ ಬಿಡುವುದು."

ಬೀಯಮ್ಮ ತಲೆ ಎತ್ತಿದರು. "ಏಳೂ ನಲವತ್ತರದ್ದಾ? ನಾನು ಸೊಂಟ ಮುರಿದುಕೊಂಡದ್ದು ಅದರಿಂದಲೇ ಮಗ. ಮೂರು ವರ್ಷ ಆಯ್ತು. ಸಿದ್ಧಕಟ್ಟೆಯಲ್ಲಿ ಇಳಿಯುತ್ತಾ ಇದ್ದೆ, ಒಂದು ಕಾಲು ಮೆಟ್ಟಿಲಲ್ಲೇ ಉಂಟು, ಬಸ್ಸು ಹೊರಟಾಯ್ತು."

ಲೋಕನಾಥ ವಾಕರಿನ ಕಡೆಗೆ ನೋಡಿದ. ಬಸ್ಸು ಹತ್ತಿದವರಿಗೆ ಡ್ರೈವರನ ಬೆನ್ನು ಕಾಣುತ್ತದೆಯೇ ಹೊರತು ಮುಖವಲ್ಲ. ಅವನೂ ಅಂದು ಇಳಿದು ಬಂದು ಅವರ ಮುಖ ನೋಡಿರಲಿಲ್ಲ.

"ಕಂಡಕ್ಟರ್ ಬೇಗ ವಿಸಿಲ್ ಊದಿದ್ದಂತೆ" ಎಂದ, ಮೂರು ವರ್ಷದಿಂದ ಹೇಳಿ ರೂಢಿಯಾದ ಮಾತನ್ನು.

"ಸುಳ್ಳು! ವಿಸಿಲ್ ಊದಲೇ ಇಲ್ಲ. ನನ್ನ ಕೈಚೀಲ ಹಿಡಿದುಕೊಂಡಿದ್ದದ್ದೇ ಅವನು. ಪಾಪ, ಆಸ್ಪತ್ರೆಗೆ ಬಂದು ನನ್ನ ಕಾಲು ಹಿಡಿದ. 'ನೀನ್ಯಾಕೆ ಹಿಡಿಯುವುದು' ಅಂತ ಕೇಳಿದೆ. ಕಣ್ಣೀರು ಹಾಕಿ ಕೂಗಿದ ಮಗ."

ಶಹರ್ಬಾನು ಪ್ರಿಂಟ್ ತೆಗೆದು ಕೊಟ್ಟಳು. "ಆ ಲೋಕನಾಥ ಅನ್ನುವವರಿಗೆ ಹೇಳು," ಎಂದರು ಬೀಯಮ್ಮ, "ಮಕ್ಕಳ ಬಸ್ಸಾದರೆ ನಿಧಾನ ಬಿಡಲಿ. ಒಳ್ಳೆಯದಾಗಲಿ." ಅವನು ತಲೆ ಎತ್ತದೆ ಹೊರಗೆ ಬಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರು ವರ್ಷದ ಹಿಂದಿನ ಆ ದಿನ ಸಿದ್ಧಕಟ್ಟೆಯಲ್ಲಿ ಹಿಂದಿನಿಂದ ಇನ್ನೊಂದು ಬಸ್ಸು ಬರುತ್ತಿತ್ತು. ಅದು ಮುಂದೆ ಹೋದರೆ ದಾರಿಯ ಜನರೆಲ್ಲ ಅದಕ್ಕೇ. ಕನ್ನಡಿಯಲ್ಲಿ ಅದನ್ನು ಕಂಡದ್ದೇ ಲೋಕನಾಥ ಕಂಡಕ್ಟರ್ ಜತ್ತಪ್ಪನ ವಿಸಿಲಿಗೆ ಕಾಯದೆ ಗೇರ್ ಹಾಕಿದ್ದ. ಆಮೇಲೆ ಧನಿಗಳು ಕೇಳಿದಾಗ "ವಿಸಿಲ್ ಕೇಳಿತು" ಎಂದಿದ್ದ. ಎರಡೇ ಶಬ್ದ. ಜತ್ತಪ್ಪನ ಕೆಲಸ ಅಲ್ಲಿಗೆ ಹೋಯಿತು.

ಸಂಜೆ ಮೂಡುಬಿದಿರೆಯಲ್ಲಿ ಚಂದ್ರರಾಜರು ಪತ್ರವನ್ನು ಓದದೆ ಪೆನ್ನು ತೆಗೆದರು.

"ನಿನ್ನ ವಿಷಯದಲ್ಲಿ ಓದಲಿಕ್ಕೆ ಏನುಂಟು? ಮೊನ್ನೆ ಜತ್ತಪ್ಪನೂ ಬಂದಿದ್ದ ಮಾರಾಯ. ಬೆಳ್ತಂಗಡಿಯಲ್ಲಿ ಕಲ್ಲಿನ ಲಾರಿಗೆ ಲೋಡ್ ಮಾಡುವುದಂತೆ ಈಗ. ಅದೇ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಉಂಟು, ಒಂದು ಪತ್ರ ಕೊಡಿ ಅಂದ. ನಾನು ಕೊಡಲಿಲ್ಲ. ಮುದುಕಿಯ ಸೊಂಟ ಮುರಿದವನನ್ನು ಮಕ್ಕಳ ಬಸ್ಸಿಗೆ ಹೇಗೆ ಕಳಿಸುವುದು?"

ಪೆನ್ನಿನ ಮೊನೆ ಕಾಗದಕ್ಕೆ ತಾಗಿತು. ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮೂರು ವರ್ಷ ಮುಚ್ಚಿಕೊಂಡವನಿಗೆ ಅದೇನು ಕಷ್ಟವಲ್ಲ.

"ಧನಿಗಳೇ, ಆ ದಿನ ಜತ್ತಪ್ಪ ವಿಸಿಲ್ ಊದಿರಲಿಲ್ಲ."

"ಮತ್ತೆ?"

"ನಾನೇ ಬಿಟ್ಟದ್ದು."

ಚಂದ್ರರಾಜರು ಪೆನ್ನನ್ನು ಕೆಳಗಿಟ್ಟರು. "ಇದೇ ಜಗಲಿಯಲ್ಲಿ ನಾಯಿಗೆ ಬೈದ ಹಾಗೆ ಬೈದಿದ್ದೆ ಅವನಿಗೆ. ನೀನು ಇಲ್ಲೇ ನಿಂತಿದ್ದೆ."

ಲೋಕನಾಥನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ಕ್ಷಮೆ ಕೇಳಲೂ ನಾಚಿಕೆಯಾಯಿತು.

ಧನಿಗಳು ಒಳಗೆ ಹೋಗಿ ತಮ್ಮ ಹೆಸರು ಅಚ್ಚಾದ ಖಾಲಿ ಹಾಳೆ ತಂದು ಅವನ ಮುಂದೆ ಇಟ್ಟರು. "ನಿನ್ನದನ್ನು ನೀನೇ ಬರೆದೆಯಲ್ಲ? ಅವನದ್ದನ್ನೂ ನೀನೇ ಬರಿ."

ತನಗಾಗಿ ಅಷ್ಟು ಸಲೀಸಾಗಿ ಬಂದಿದ್ದ ಮಾತುಗಳು ಈಗ ಒಂದೂ ಬರಲಿಲ್ಲ. ಆದರೂ ಪೆನ್ನು ಹಿಡಿದ. 'ಶ್ರೀ ಜತ್ತಪ್ಪನವರು' ಎಂದು ಬರೆದ. 'ಪ್ರಾಮಾಣಿಕರು' ಎಂದು ಬರೆಯುವಾಗ ಕಣ್ಣು ಮಂಜಾಯಿತು. 'ಮೂರು ವರ್ಷದ ಹಿಂದೆ ನಡೆದ ಅಪಘಾತದಲ್ಲಿ ಇವರ ತಪ್ಪೇನೂ ಇರಲಿಲ್ಲ' ಎಂದು ಮುಗಿಸಿದ.

ಚಂದ್ರರಾಜರು ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ಲೋಕನಾಥನ ಟೈಪ್ ಮಾಡಿದ ಪತ್ರವನ್ನು ಸಹಿಯಿಲ್ಲದೆ ಅವನ ಕಡೆಗೆ ಸರಿಸಿದರು.

"ಬೆಳ್ತಂಗಡಿಗೆ ನೀನೇ ಹೋಗಿ ಅವನ ಕೈಯಲ್ಲಿ ಕೊಡು. ಇದು ಯಾರ ಅಕ್ಷರ ಅಂತ ಕೇಳ್ತಾನೆ."

ಎರಡೂ ಪತ್ರಗಳನ್ನು ಜೇಬಿನಲ್ಲಿಟ್ಟುಕೊಂಡು ಲೋಕನಾಥ ಬೆಳ್ತಂಗಡಿಯ ಬಸ್ಸು ಹತ್ತಿದ. ಯಾರ ಅಕ್ಷರ ಎಂದು ಕೇಳಿದರೆ 'ಪರಿಚಯದವರದ್ದು' ಎಂಬ ಉತ್ತರ ಜತ್ತಪ್ಪನ ಮುಂದೆ ನಡೆಯುವಂತಿರಲಿಲ್ಲ.