ಕೆನ್ನೆ ಮಾವನ ಕಿಟಕಿಗಳು

ಹಳೇ ಕೋರ್ಟಿನ ಕಟ್ಟಡದಲ್ಲಿದ್ದ ಆ ಸಗಟು ಅಂಗಡಿಯಲ್ಲಿ ನೋಟ್‌ಬುಕ್ಕು, ಬಿಳಿ ಹಾಳೆಯ ಕಟ್ಟುಗಳನ್ನೆಲ್ಲ ಜೋಪಾನ ಮಾಡುತ್ತಿದ್ದವರು ಕೆನ್ನೆ ಮಾವ. ಯಾರಿಗೂ ಸ್ವಂತ ಮಾವನಲ್ಲ. ಮಾಲು ನೋಡಿಕೊಳ್ಳುವ ಕೆಲಸದವರು. ಬೆಳಿಗ್ಗೆ ಬಂದವರೇ ಪ್ರತಿ ಸಾಲಿನಿಂದ ಒಂದು ಹಾಳೆ ಎಳೆದು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ತಣ್ಣಗೆ ಹತ್ತಿದರೆ ತೇವ ಹಿಡಿದಿದೆ ಎಂದರ್ಥ. ಕೂಡಲೇ ಉದ್ದನೆಯ ಕೋಲಿನಿಂದ ಮೇಲಿನ ಕಿಟಕಿಗಳನ್ನು ತಳ್ಳಿ ತೆರೆಯುತ್ತಿದ್ದರು. ಎರಡು ಮೊಳ ದಪ್ಪದ ಆ ಗೋಡೆ, ಗಾಳಿ ಆಡದಿದ್ದರೆ ಬೆವರುತ್ತಿತ್ತು.

ಯಜಮಾನರು ಅವರನ್ನು ‘ತಮ್ಮ’ ಎನ್ನುತ್ತಿದ್ದರು, ಅವರು ಯಜಮಾನರನ್ನು ‘ಅಣ್ಣ’. ಮಧ್ಯಾಹ್ನ ಎಲ್ಲರಿಗೂ ಒಂದೇ ಮೇಜಿನಲ್ಲಿ ಊಟ. ಯಜಮಾನರ ತಟ್ಟೆಯ ಪಕ್ಕ ಮಾವನ ತಟ್ಟೆ. ನ್ಯಾಯಾಧೀಶರ ಕಾಲದ ಕಟಕಟೆ ಶಾಯಿ ಬಾಟಲಿ ತುಂಬಿಕೊಂಡು ಇನ್ನೂ ಮೂಲೆಯಲ್ಲಿತ್ತು. ತಡವಾಗಿ ಬಂದು ನೆಪ ಹೇಳುವ ಲಾರಿ ಡ್ರೈವರಿಗೆ ಮಾವ, "ಬಾರಪ್ಪ, ಅಲ್ಲಿ ನಿಂತ್ಕೊಂಡು ಹೇಳು ನೋಡೋಣ" ಎಂದು ಕಾಲೆಳೆಯುತ್ತಿದ್ದರು.

ಯಜಮಾನರ ಸೊಸೆಗೂ ಇದೆಲ್ಲ ತಮಾಷೆಯಾಗಿಯೇ ಇತ್ತು, ಎಂಟು ತಿಂಗಳ ಮಗಳಿಗೆ ಕೆಮ್ಮು ಶುರುವಾಗುವ ತನಕ. ಅವಳು ಆರ್ಡರ್ ಬರೆದುಕೊಳ್ಳುವ ಮೇಜಿನ ಪಕ್ಕದಲ್ಲೇ ತೊಟ್ಟಿಲು. ಯಜಮಾನರು ಆಗ ಊರಿಗೆ ಹೋಗಿದ್ದರು.

"ಕಿಟಕಿ ಮುಚ್ಚಿ ಮಾವ, ಗಾಳಿ ನೇರ ತೊಟ್ಟಿಲಿಗೇ ಬಡೀತಿದೆ."

"ಮೋಡ ಮುಚ್ಕೊಂಡಿದೆ ಕಣಮ್ಮ, ಮಾಲು ಕೆಡುತ್ತೆ. ತೊಟ್ಟಿಲನ್ನೇ ಮೇಲಿನ ಕೋಣೇಲಿ ಇಡೋಣ, ನಾನು ಹೊತ್ಕೊಂಡ್ಹೋಗ್ತೀನಿ."

"ಮೇಲೆ ಒಬ್ಬಳನ್ನೇ ಬಿಡ್ಲಾ? ಉಸಿರು ಸಿಕ್ಕಿಹಾಕ್ಕೊಂಡ್ರೆ ನಂಗೆ ಕೇಳುತ್ತಾ? ನಿಮಗೆ ಕಾಗದ ಹೆಚ್ಚಾ, ನನ್ನ ಮಗು ಹೆಚ್ಚಾ?"

ಮಾವ ಒಂದೊಂದೇ ಕಿಟಕಿ ಎಳೆದು ಮುಚ್ಚಿದರು. "ಊರಿಂದ ಬಂದಮೇಲೆ ಅಣ್ಣನಿಗೊಂದು ಮಾತು ಹೇಳಿಬಿಡಮ್ಮ" ಎಂದಷ್ಟೇ ಅಂದರು. ಅವಳು ಹೂಂ ಅಂದಳು.

ವಾರದ ಮೇಲೆ ಯಜಮಾನರು ಬಂದಾಗ, ಶಾಲೆಗಳಿಗೆ ಹೋಗಬೇಕಿದ್ದ ನೋಟ್‌ಬುಕ್ಕುಗಳ ರಟ್ಟು ಸೊಟ್ಟಗಾಗಿ ಅಂಚಿಗೆಲ್ಲ ಬೂಷ್ಟು ಹಿಡಿದಿತ್ತು.

"ಕಿಟಕಿ ತೆಗೀಲಿಲ್ವೇನೋ?"

ಮಾವ ಸೊಸೆಯ ಕಡೆ ನೋಡಿದರು. ಅವಳು ಮಗುವಿನ ಟೋಪಿಯ ದಾರ ಕಟ್ಟುತ್ತಿದ್ದಳು, ಆಗಲೇ ಕಟ್ಟಿದ್ದ ದಾರವನ್ನು.

"ಮರೆತೆ ಅಣ್ಣ."

"ವಯಸ್ಸಾಯ್ತು ನಿಂಗೆ. ನಾಳೆಯಿಂದ ಪಾರ್ಸಲ್ ಕಟ್ಕೊಂಡಿರು ಸಾಕು, ಮಾಲಿನ ಉಸಾಬರಿ ಬೇಡ."

ಮಾರನೇ ದಿನ ಮಾವ ಬರಲಿಲ್ಲ. ಅಭ್ಯಾಸಬಲದಿಂದ ಯಜಮಾನರ ಹೆಂಡತಿ ಅವರ ತಟ್ಟೆ ಇಟ್ಟು, ಮತ್ತೆ ಎತ್ತಿದರು. ಸೊಸೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಒಂಬತ್ತು ದಿನ ತಳ್ಳಿ, ಹತ್ತನೆಯ ದಿನ ಬಾಯಿಬಿಟ್ಟಳು. ಯಜಮಾನರು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮಾವನ ಮನೆಯತ್ತ ಹೊರಟರು. ಅವಳೂ ಮಗುವನ್ನೆತ್ತಿಕೊಂಡು ಹಿಂದೆಯೇ ಓಡಿದಳು.

ಮಾವ ಕುರ್ಚಿ ಕೊಟ್ಟು, ಮಗುವಿನ ಎದೆಗೆ ಕಿವಿಯಿಟ್ಟರು. "ಕೆಮ್ಮು ಹೋಯ್ತಲ್ಲೇ ಪುಟ್ಟಿ!"

"ತಪ್ಪು ನಂದು ಮಾವ. ಅಪ್ಪಾಜಿಗೆ ಎಲ್ಲಾ ಹೇಳಿದೀನಿ. ವಾಪಸ್ ಬನ್ನಿ."

"ನಿನ್ನ ಮೇಲೆ ಸಿಟ್ಟಿಲ್ಲಮ್ಮ. ಮಗು ಕೆಮ್ತಿದ್ರೆ ಯಾವ ತಾಯಿ ಕಾಗದ ನೋಡ್ತಾಳೆ?" ಯಜಮಾನರತ್ತ ತಿರುಗಿದರು. "ಮೂವತ್ತೊಂದು ವರ್ಷ ಅಣ್ಣ. ಮರೆತೆ ಅಂದ ಕೂಡ್ಲೇ ನಂಬಿಬಿಟ್ರಲ್ಲ. ‘ನೀನಾ ಮರೆಯೋನು?’ ಅಂತ ಒಂದು ಸಲ ಕೇಳಬಾರದಿತ್ತಾ?"

ಯಜಮಾನರು ಕುರ್ಚಿ ಬಿಟ್ಟೆದ್ದರು. ಮಾವ ಅಂಗಡಿಗೆ ಮರಳಲಿಲ್ಲ.

ಈಗ ಬೆಳಿಗ್ಗೆ ಹಾಳೆ ಎಳೆದು ಕೆನ್ನೆಗೆ ಒತ್ತಿಕೊಳ್ಳುವವಳು ಸೊಸೆ. ತಣ್ಣಗಿದೆಯೋ ಬೆಚ್ಚಗಿದೆಯೋ, ಎಷ್ಟು ಹೊತ್ತು ನಿಂತರೂ ಅವಳಿಗೆ ತಿಳಿಯುವುದಿಲ್ಲ. ಯಾವುದಕ್ಕೂ ಇರಲಿ ಎಂದು ಕೋಲು ಹಿಡಿದು ಎಲ್ಲ ಕಿಟಕಿಗಳನ್ನೂ ತೆರೆದಿಡುತ್ತಾಳೆ.