ಚೀಟಿಯ ಕೆಳಗಿದ್ದ ಹೆಸರು

"ಅಲ್ಲಪ್ಪಾ, ಈ ಪುಸ್ತಕ ಬರೆದಿದ್ದು ನಾನು. ನಿಮ್ಮ ಕಂಪ್ಯೂಟರ್ ಬೇರೆ ಯಾರೋ ಅನ್ನುತ್ತಲ್ಲ?"

ಹೋದ ಶನಿವಾರ ದೊಡ್ಡಬಳ್ಳಾಪುರದ ನಮ್ಮ ವಾಚನಾಲಯದಲ್ಲಿ ಲಕ್ಷ್ಮೀದೇವಮ್ಮ ಹೀಗೆ ಕೇಳಿದರು. ದೊಡ್ಡಬೆಳವಂಗಲದ ಶಾಲೆಯ ನಿವೃತ್ತ ಮೇಡಂ ಅವರು. ರೇಷ್ಮೆಹುಳು ಸಾಕುವುದರ ಬಗ್ಗೆ ಇದೊಂದೇ ಪುಸ್ತಕ ಬರೆದವರು. ಮನೆಯಲ್ಲಿದ್ದ ಪ್ರತಿಗಳನ್ನು ಗೆದ್ದಲು ತಿಂದಿದೆ.

ನಾಲ್ಕು ಊರಿನ ವಾಚನಾಲಯಗಳು ಸೇರಿ ಒಂದೇ ಪುಸ್ತಕಪಟ್ಟಿ ಮಾಡಿರುವುದು ನಿಮಗೆ ಗೊತ್ತೇ ಇದೆ. ಫೋನ್ ಲೈನಿಗೆ ಕಟ್ಟಿದ ಮೋಡೆಮ್ ಕಿರುಚುತ್ತದೆ (ಕೆಲವು ದಿನ ಬರೀ ಕಿರುಚುತ್ತದೆ), ಇಲ್ಲಿ ನಾನು ಟೈಪ್ ಮಾಡಿದ್ದು ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಲ್ಲೂ ಕಾಣುತ್ತದೆ. ತಪ್ಪೂ ಅಷ್ಟೇ.

ಆ ತಪ್ಪು ನನ್ನದು. ಪುಸ್ತಕ ತೆಗೆದು ನೋಡಿದೆ. ಹೊದಿಕೆ ಎಂದೋ ಹೋಗಿದೆ. ಒಳಪುಟದಲ್ಲಿ, ಲೇಖಕರ ಹೆಸರಿರಬೇಕಾದ ಜಾಗದಲ್ಲೇ, ಪುಸ್ತಕ ದಾನ ಕೊಟ್ಟವರ ಚೀಟಿ ಅಂಟಿಸಿದೆ. ಅದರಲ್ಲಿದ್ದ ದಪ್ಪಕ್ಷರದ ಹೆಸರನ್ನೇ ಲೇಖಕ ಅಂತ ಹೊಡೆದಿದ್ದೆ. (ಗೋಡೆ ಗಡಿಯಾರದ ಮೇಲೂ ದಾನಿಯ ಹೆಸರು ಬರೆಸುವ ಜನ ನಾವು. ನನಗಾದರೂ ಅನುಮಾನ ಬರಬೇಡವೇ?)

ಅಚ್ಚಾದ ಹೆಸರನ್ನು ಕಣ್ಣಾರೆ ನೋಡದೆ ಯಾರೂ ಪಟ್ಟಿ ತಿದ್ದುವಂತಿಲ್ಲ. ಅದು ನಾವೇ ಮಾಡಿಕೊಂಡ ನಿಯಮ. ನೆಲಮಂಗಲದ ಪಟ್ಟಿ ನೋಡಿಕೊಳ್ಳುವ ಶಿವಣ್ಣನಿಗೆ ಫೋನ್ ಮಾಡಿದೆ.

"ಮೇಡಂ ಬಾಯಲ್ಲೇ ಹೇಳ್ತಿದ್ದಾರೆ. ಸಾಲದೇನೋ?"

"ಸಾಲಲ್ಲ ಕಣೋ. ನಾಳೆ ಆ ದಾನಿ ಬಂದು ನಾನೇ ಬರೆದೆ ಅಂದ್ರೆ? ಚೀಟಿ ಬಿಡಿಸಿ ನೋಡು ಗುರು."

ಚೀಟಿಯ ಜೊತೆ ಕೆಳಗಿನ ಅಕ್ಷರವೂ ಕಿತ್ತು ಬಂದರೆ? ಇರುವುದು ಒಂದೇ ಪ್ರತಿ. ಆಮೇಲೆ ಸಾಕ್ಷಿ ಎಲ್ಲಿಂದ ತರುವುದು?

ಪಕ್ಕದ ಹೋಟೆಲಿನಿಂದ ಕುದಿಯುವ ನೀರಿನ ಪಾತ್ರೆ ತಂದೆ. ಹಬೆಗೆ ಪುಟ ಹಿಡಿದೆ. ಮೇಡಂ ಪುಸ್ತಕ ಕಸಿದುಕೊಂಡರು.

"ನಿನ್ನ ಕೈಲಿ ಆಗೋ ಕೆಲಸ ಅಲ್ಲ, ಆಚೆ ನಿಲ್ಲಪ್ಪ. ಹುಳ ಸಾಕಿದ ಕೈ ಇದು."

ಒಂದು ಮೂಲೆ ಎದ್ದಿತು. ಅವರು ಅವಸರ ಮಾಡಲಿಲ್ಲ. ಉಗುರಿನ ತುದಿಯಿಂದ ಕೂದಲೆಳೆಯಷ್ಟು ಎತ್ತುವುದು, ಮತ್ತೆ ಹಬೆಗೆ ಹಿಡಿಯುವುದು. ಮೊದಲು 'ಲ' ಕಂಡಿತು. ನಾನು ಉಸಿರು ಬಿಟ್ಟೆ. ಕೊನೆಗೆ ಇಡೀ ಹೆಸರು, ಸ್ವಲ್ಪ ಹಳದಿಯಾಗಿ, ಒಂದಕ್ಷರವೂ ಮುಕ್ಕಾಗದೆ.

ತಿದ್ದಿದೆ. ದಾನಿಯ ಹೆಸರನ್ನು ದಾನಿಯ ಜಾಗಕ್ಕೆ ಕಳಿಸಿದೆ. ಮೋಡೆಮ್ ಕಿರುಚಿತು. ಲೈನು ಬಿಡುತ್ತಿದ್ದಂತೆ ಶಿವಣ್ಣನ ಫೋನ್: "ಬಂತು ಕಣೋ, ಬಂದ್ಬಿಡ್ತು! ಲಕ್ಷ್ಮೀದೇವಮ್ಮ ಅಂತಾನೇ ಇದೆ!" ಹಿಂದೆಯೇ ಹೊಸಕೋಟೆ, ದೇವನಹಳ್ಳಿ. ಒಂದು ತಪ್ಪು ನಾಲ್ಕು ಕಡೆ ಓಡುವುದಾದರೆ ತಿದ್ದುಪಡಿಯೂ ಓಡುತ್ತದೆ!

"ಈಗ ನೆಲಮಂಗಲದಲ್ಲೂ ನನ್ನ ಹೆಸರೇ ಕಾಣುತ್ತಾ?" ಮೇಡಂ ಕೇಳಿದರು.

"ಹೂಂ ಮೇಡಂ."

"ಹಾಗಾದ್ರೆ ನಾಳೇನೇ ಹೋಗ್ತೀನಿ. ನನ್ನ ತವರು ಅದು. ನಾನು ಪುಸ್ತಕ ಬರೆದೆ ಅಂದ್ರೆ ಅಲ್ಲಿ ಇನ್ನೂ ಯಾರೂ ನಂಬಿಲ್ಲ."